ಡಿಸೆಂಬರಿನ ಉಗಿಬಂಡಿ

ಸಕ್ಕರೆ ಕಾರ್ಖಾನೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಹುಟ್ಟಿ ಬೆಳೆದದ್ದೇ ಬೆಳಗಾವಿ ಕಡೆಯ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಮೈಸೂರಿನಿಂದ ಹೋಗಿ ಅಲ್ಲಿ ಕಬ್ಬು ತೂಗುವ ಗುಮಾಸ್ತರಾಗಿದ್ದರು. ನಾನು ಅಲ್ಲಿ ಕಬ್ಬು ಕದ್ದು ತಿಂದಿದ್ದೇನೆ, ಕದ್ದದ್ದಕ್ಕಾಗಿ ಒದೆಯನ್ನೂ ತಿಂದಿದ್ದೇನೆ. ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆ?

ಈ ಅರ್ಹತೆ ಮಸ್ಕತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಆಗ ನಾನು ಅಲ್ಲಿನ ರುವಿ ಪೇಟೆಯಲ್ಲಿ ನೀರಿನ ಪಂಪು ಮಾರುವ ಕಂಪನಿಯೊಂದರ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ನನ್ನ ಮೇಲಧಿಕಾರಿ ಸಲೀಂ ಸಾಹೇಬರು ಅರವತ್ತರ ಹತ್ತಿರದ ಒಮಾನಿ. ಅವರ ಬಾಲ್ಯ ಕಳೆದದ್ದು ಪೂರ್ವ ಆಫ್ರಿಕಾದ ಕಬ್ಬಿನ ತೋಟಗಳ ನಡುವೆ. ಕಬ್ಬು ತುಂಬಿದ ಡಬ್ಬಿಗಳನ್ನು ಎಳೆಯುವ ಪುಟ್ಟ ಉಗಿ ಎಂಜಿನ್ನಿನ ಹಿಂದೆ ಓಡುವುದೇ ಅವರಿಗೆ ಶಾಲೆ, ಆಟ, ಊಟ ಎಲ್ಲವೂ ಆಗಿತ್ತಂತೆ. ಅಂಥವರು ಬಂದು ನೆಲೆಸಿದ್ದು ಒಂದು ಗಜ ರೈಲು ಹಳಿಯೂ ಇಲ್ಲದ ದೇಶದಲ್ಲಿ!

ಒಂದು ಜೂನ್ ತಿಂಗಳಲ್ಲಿ ಅವರು ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಹಳೆಯ ಸಕ್ಕರೆ ಕಾರ್ಖಾನೆ. ಕಬ್ಬಿನ ಸಿಪ್ಪೆ ಉರಿಸಿ ಓಡುವ ಉಗಿಬಂಡಿಗಳು ಅಲ್ಲಿ ಈಗಲೂ ಇವೆ. ಆದರೆ ಕಾರ್ಖಾನೆ ನಷ್ಟದಲ್ಲಿದೆ, ಇನ್ನು ಹೆಚ್ಚು ದಿನ ನಡೆಯುವುದಿಲ್ಲ.

"ಆಗಸ್ಟಿಗೆ ರಜೆ ಹಾಕಿದ್ದೀನಿ, ಮೂರ್ತಿ," ಎಂದರು ತಮ್ಮ ಹಿಂದಿ-ಇಂಗ್ಲಿಷ್ ಬೆರಕೆಯಲ್ಲಿ. "ಕಣ್ಣು ಮುಚ್ಚೋದಕ್ಕೆ ಮುಂಚೆ ಒಂದು ಸಲ ಅದು ಓಡೋದನ್ನ ನೋಡ್ಬೇಕು. ಇನ್‌ಶಾ ಅಲ್ಲಾ."

ಆಗ ನಾನು "ಹೋಗಿಬನ್ನಿ ಸರ್" ಎಂದು ಫೈಲು ಎತ್ತಿಕೊಂಡು ಹೊರಟಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ನಾನು ನಕ್ಕೆ. ತಿಳಿದವರು ನಗುವ ಹಾಗೆ ನಕ್ಕೆ.

"ಆಗಸ್ಟಿನಲ್ಲಿ ಯಾವ ಕಾರ್ಖಾನೆಯೂ ನಡೆಯೋದಿಲ್ಲ ಸರ್. ಕಬ್ಬು ಇನ್ನೂ ಗದ್ದೆಯಲ್ಲೇ ಇರತ್ತೆ. ದೀಪಾವಳಿ ಹೊತ್ತಿಗೆ ಹಂಗಾಮು ಶುರುವಾಗೋದು, ಡಿಸೆಂಬರಿನಲ್ಲಿ ಭರ್ಜರಿ ಕೆಲಸ. ನಾನು ಕಾರ್ಖಾನೆ ಹುಡುಗ, ನಂಬಿ."

ಅವರು ನಂಬಿದರು. ರಜೆಯನ್ನು ಡಿಸೆಂಬರಿಗೆ ಬದಲಾಯಿಸಿದರು. ಅಷ್ಟಕ್ಕೇ ನಿಲ್ಲದೆ, ವಿಷಯ ತಿಳಿದವನೊಬ್ಬ ಜೊತೆಗಿರಬೇಕೆಂದು ನನ್ನ ರಜೆಯನ್ನೂ ತಾವೇ ಮಂಜೂರು ಮಾಡಿ, ನನಗೂ ಟಿಕೆಟು ತೆಗೆಸಿದರು.

ದಾರ್ಸೈಟ್ ಬಡಾವಣೆಯ ನಮ್ಮ ಮನೆಗೆ ಬಂದು ಈ ಸನ್ಮಾನದ ಸುದ್ದಿಯನ್ನು ಹೆಂಡತಿಗೆ ಹೇಳಿದೆ. ಶೈಲಾ ಉಡುಪಿಯವಳು, ಸನ್ಮಾನಗಳಿಗೆ ಅಷ್ಟು ಸುಲಭವಾಗಿ ಮರುಳಾಗುವವಳಲ್ಲ.

"ಕಾರ್ಖಾನೆದು ನಿಮಗೆ ಎಂತ ಗೊತ್ತುಂಟು ಮಾರಾಯ್ರೆ? ಮಾವ ಕಬ್ಬು ತೂಗ್ತಾ ಇದ್ದದ್ದು, ನೀವು ಕದೀತಾ ಇದ್ದದ್ದು. ಎಂಜಿನ್ ನೋಡಿದ್ದು ಯಾವಾಗ?"

ನಮ್ಮ ಕಾರ್ಖಾನೆಗೆ ಕಬ್ಬು ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ ಎಂಬುದನ್ನು ನಾನು ಆಗ ಒತ್ತಿ ಹೇಳಲಿಲ್ಲ. ಅಷ್ಟರಲ್ಲಿ ಎಂಟನೇ ಕ್ಲಾಸಿನ ಮಗಳು ಅಟ್ಲಾಸ್ ಹಿಡಿದು ಬಂದಳು.

"ಪಪ್ಪಾ, ಜಾವಾ ಈಸ್ ಬಿಲೋ ದಿ ಈಕ್ವೇಟರ್. ಡಿಸೆಂಬರ್ ಈಸ್ ರೇನಿ ಸೀಸನ್ ದೇರ್."

"ಭೂಮಧ್ಯರೇಖೆಗೂ ಕಬ್ಬಿಗೂ ಏನೇ ಸಂಬಂಧ? ಹೋಗಿ ಹಾಲು ಕುಡಿ."

ಡಿಸೆಂಬರಿನಲ್ಲಿ ನಾವು ಜಾವಾದ ಆ ಕಾರ್ಖಾನೆಯ ಗೇಟಿನ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ಗೇಟಿಗೆ ಬೀಗ ಹಾಕಿತ್ತು. ಚಿಮಣಿಯಲ್ಲಿ ಹೊಗೆ ಇರಲಿಲ್ಲ.

"ಊಟದ ಬಿಡುವಿರಬೇಕು ಸರ್," ಎಂದೆ.

ಒಂದು ಗಂಟೆ ಕಾದೆವು. "ಶಿಫ್ಟ್ ಬದಲಾಗ್ತಿರಬೇಕು," ಎಂದೆ. ಸಲೀಂ ಸಾಹೇಬರು ಹೊಸ ಹ್ಯಾಂಡಿಕ್ಯಾಮನ್ನು ಕೋಟಿನೊಳಗೆ ಮುಚ್ಚಿಕೊಂಡು ನಿಂತಿದ್ದರು. ಕೊನೆಗೆ ಕೊಡೆ ಹಿಡಿದು ಒಬ್ಬ ಮುದುಕ ಕಾವಲುಗಾರ ಬಂದ. ಹಿಂದೆ ಸೌದಿಯಲ್ಲಿ ಡ್ರೈವರಾಗಿದ್ದವನಂತೆ, ಅರಬಿ ಬರುತ್ತಿತ್ತು. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ, ಖಲಾಸ್. ಮುಗಿದದ್ದು ಊಟವೋ, ಶಿಫ್ಟೋ, ಕಬ್ಬೋ, ಅಥವಾ ನಾನೋ ಗೊತ್ತಾಗಲಿಲ್ಲ.

ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಇಲ್ಲಿ ಕಬ್ಬು ಅರೆಯೋದು ಮೇ ತಿಂಗಳಿಂದ ಅಕ್ಟೋಬರ್ ತನಕವಂತೆ. ಆಗಸ್ಟಿನಲ್ಲಿ ಎಂಜಿನ್‌ಗಳು ದಿನವಿಡೀ ಓಡ್ತಿದ್ದವಂತೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅದೇ ಕಬ್ಬು, ಅದೇ ಸಕ್ಕರೆ, ಅದೇ ಸೂರ್ಯ. ಡಿಸೆಂಬರ್ ಮಾತ್ರ ಬೇರೆ ಹೇಗಾಗುತ್ತದೆ? "ಇವನಿಗೆ ಸರಿಯಾಗಿ ಗೊತ್ತಿಲ್ಲ ಸರ್, ಮ್ಯಾನೇಜರನ್ನ ಕೇಳೋಣ," ಎಂದೆ. ಅದನ್ನು ಸಾಹೇಬರು ಅರಬಿಯಲ್ಲಿ ಹೇಳಿದರು. ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದ. ಅದನ್ನು ಮಾತ್ರ ಸಾಹೇಬರು ಹಿಂದಿಗೆ ತರಲಿಲ್ಲ.

ಅವನಿಗೆ ಕನಿಕರ ಬಂದಿರಬೇಕು, ಬೀಗ ತೆಗೆದು ಶೆಡ್ಡಿಗೆ ಕರೆದೊಯ್ದ. ಹಸಿರು ಬಣ್ಣದ ಪುಟ್ಟ ಎಂಜಿನ್ ಅಲ್ಲಿ ನಿಂತಿತ್ತು. ಅದರ ಮೇಲೊಂದು ಕೋಳಿ ಕೂತಿತ್ತು. ಸಾಹೇಬರು ಬಾಯ್ಲರಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಮುಂದಿನ ಹಂಗಾಮಿಗೆ ಕಾರ್ಖಾನೆ ತೆರೆಯುತ್ತದೋ ಇಲ್ಲವೋ ಯಾರಿಗೂ ತಿಳಿಯದು ಎಂದನಂತೆ ಕಾವಲುಗಾರ. ಸಾಹೇಬರು ನನ್ನನ್ನು ಬೈಯಲಿಲ್ಲ. ನಾಲ್ಕು ಬೈಗುಳ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಬರೀ ಕೈ ಇಟ್ಟುಕೊಂಡು ನಿಂತಿದ್ದರು.

ಆ ಸಂಕಟದಲ್ಲೇ ಬಾಯಿಂದ ಬಂತು: "ತಳ್ಳೋಣ ಸರ್."

ಶೆಡ್ಡಿನ ಸೂರು ರಿಪೇರಿ ಮಾಡುತ್ತಿದ್ದ ಎಂಟು ಜನ ಕೆಲಸಗಾರರು ನಗುತ್ತ ಬಂದರು. ಸಾಹೇಬರನ್ನು ಡ್ರೈವರ್ ನಿಲ್ಲುವ ಜಾಗಕ್ಕೆ ಹತ್ತಿಸಿದೆವು. ಹ್ಯಾಂಡ್ ಬ್ರೇಕ್ ಬಿಡುವ ತಾಂತ್ರಿಕ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಬ್ರೇಕಿನ ಕೈಚಕ್ರವನ್ನು ಗಟ್ಟಿಯಾಗಿ ತಿರುಗಿಸಿ ಕೆಳಗಿಳಿದು, "ಯಲ್ಲಾ, ತಳ್ಳಿ," ಎಂದೆ. ಎಂಟು ಜನ ಹತ್ತು ನಿಮಿಷ ತಳ್ಳಿದರು. ಎಂಜಿನ್ ಒಂದು ಅಂಗುಲ ಅಲುಗಲಿಲ್ಲ. "ತುಕ್ಕು ಹಿಡಿದಿದೆ," ಎಂದು ವಿವರಿಸಿದೆ. ಕಾವಲುಗಾರ ಕೊಡೆ ಮಡಚಿ, ಮೇಲೆ ಹತ್ತಿ, ನಾನು ತಿರುಗಿಸಿದ್ದ ಚಕ್ರವನ್ನು ಇನ್ನೊಂದು ದಿಕ್ಕಿಗೆ ಸುತ್ತತೊಡಗಿದ. ಬಹಳ ಹೊತ್ತು ಸುತ್ತಿದ. ನಾನು ಅಷ್ಟು ಬಿಗಿ ಮಾಡಿದ್ದೆ!

ಎಂಜಿನ್ ನರಳಿ ಶೆಡ್ಡಿನಿಂದ ಹೊರಕ್ಕೆ ಸರಿಯಿತು. ಕೋಳಿ ಹಾರಿ ಹೋಯಿತು. ಕಾವಲುಗಾರ ಕೆಳಗಿಳಿದು ಹ್ಯಾಂಡಿಕ್ಯಾಮ್ ಹಿಡಿದ. ಸಾಹೇಬರ ಮುಖ ಅರಳಿತು, ಕೈ ಮೇಲೆ ಹೋಗಿ ಸೀಟಿಯ ಹಗ್ಗ ಎಳೆಯಿತು. ಏನೂ ಕೇಳಲಿಲ್ಲ. ಉಗಿಯಿಲ್ಲದೆ ಎಲ್ಲಿಂದ ಕೇಳಬೇಕು? ಅವರು ಹಗ್ಗ ಹಿಡಿದುಕೊಂಡೇ ಉಳಿದರು.

ನನಗೆ ನೋಡಲಾಗಲಿಲ್ಲ. ಮಳೆಯಲ್ಲಿ ಪಕ್ಕದಲ್ಲೇ ಓಡುತ್ತ ಎರಡೂ ಕೈ ಬಾಯಿಗೆ ಹಿಡಿದು, "ಕೂಊಊ," ಎಂದೆ.

ಸಾಹೇಬರು ತಿರುಗಿ ನೋಡಿದರು. ಮತ್ತೆ ಎಳೆದರು. ಮತ್ತೆ ಕೂಗಿದೆ. ಉತ್ಸಾಹ ಬಂದು ಚುಕುಬುಕು ಸೇರಿಸಿದೆ. ಕೊನೆಯ ದೀರ್ಘ ಸೀಟಿಗೆ ಕಣ್ಣು ಮುಚ್ಚಿಕೊಂಡೆ. ಹಳಿಯ ತುದಿಯಲ್ಲಿ ಎಂಜಿನ್ ನಿಂತಿತು, ನಾನು ನಿಲ್ಲಲಿಲ್ಲ. ಚರಂಡಿಯಿಂದ ನನ್ನನ್ನು ಎತ್ತುವುದಕ್ಕೂ ಅದೇ ಎಂಟು ಜನ ಬೇಕಾದರು.

ಮುಂದಿನ ಮೇ ತಿಂಗಳಲ್ಲಿ ಸಾಹೇಬರು ನನ್ನ ಟೇಬಲ್ಲಿನ ಬಳಿ ಬಂದರು. ಕಾರ್ಖಾನೆ ತೆರೆಯಲಿಲ್ಲ, ಇನ್ನು ತೆರೆಯುವುದೂ ಇಲ್ಲ. "ಖಲಾಸ್, ಮೂರ್ತಿ," ಎಂದರು. ಈ ಸಲ ನನಗೆ ಪೂರ್ತಿ ಅರ್ಥವಾಯಿತು. ಅವರು ಆರಿಸಿದ್ದ ಆ ಆಗಸ್ಟೇ ಅದರ ಕೊನೆಯ ಆಗಸ್ಟಾಗಿತ್ತು. ಅದನ್ನು ಅವರಿಂದ ಕಿತ್ತುಕೊಂಡವನು ನಾನು.

ಆ ವರ್ಷದ ಈದ್‌ಗೆ ಅವರು ನಮ್ಮನ್ನು ಸಂಸಾರ ಸಮೇತ ಮನೆಗೆ ಕರೆದರು. ಹಲ್ವಾ, ಖರ್ಜೂರ, ಕಾಫಿ ಎಲ್ಲ ಆದ ಮೇಲೆ ಟೀವಿಯಲ್ಲಿ ಆ ಟೇಪು ಹಾಕಿದರು. ಮಳೆ, ತಳ್ಳುವ ಜನ, ಹಗ್ಗ ಎಳೆಯುವ ಸಾಹೇಬರು, ಮತ್ತು ಕೋಣೆ ತುಂಬ ನನ್ನ ಕೂಗು. ಶೈಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ತನಗೂ ನನಗೂ ಪರಿಚಯವೇ ಇಲ್ಲದವಳಂತೆ ಗೋಡೆ ನೋಡಿದಳು.

"ಆ ಎಂಜಿನ್ನಿನ ಕೊನೆಯ ಸೀಟಿ ಇದು," ಎಂದು ಸಾಹೇಬರು ನೆಂಟರಿಗೆ ಗಂಭೀರವಾಗಿ ಹೇಳಿದರು. ತಮಾಷೆಯೋ ನಿಜವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರ ಪುಟ್ಟ ಮೊಮ್ಮಗಳು ನನ್ನನ್ನು ತೋರಿಸಿ ಅರಬಿಯಲ್ಲಿ ಏನೋ ಕೇಳಿದಳು.

"ಇನ್ನೊಂದು ಸಲ ಊದಬೇಕಂತೆ," ಎಂದರು ಸಾಹೇಬರು.

ಕಾಫಿ ಬಟ್ಟಲು ಕೆಳಗಿಟ್ಟು ಎದ್ದು ನಿಂತೆ. ಸಾಹೇಬರು ಸೋಫಾದಲ್ಲಿ ಕೂತೇ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಗಾಳಿಯಲ್ಲಿ ಮೂರು ಸಲ ಎಳೆದರು. ನಾನು ಮೂರು ಸಲ ಊದಿದೆ.