ನಾವು ಐದು ಜನ ಕಟ್ಟಿದ ಬಸ್ಸಿನ ಸಂಘ

ಬಸ್ಸಿನಲ್ಲಿ ಕೆಲಸ ಮಾಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಯಲ್ಲಿ ಕೈ ಅಡ್ಡ ಹಾಕಿ, ಬಸ್ಸು ನಿಲ್ಲಿಸಿ ಹತ್ತಿಕೊಳ್ಳುತ್ತವೆ. ಐವತ್ತರ ದಶಕದಲ್ಲಿ ನಾನು ಚಾಮರಾಜನಗರದ ಒಬ್ಬ ಸಾಹುಕಾರರ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಅವರಿಗೆ ಇದ್ದದ್ದು ಎರಡು ಬಸ್ಸು, ನಾನಿದ್ದದ್ದು ಗುಂಡ್ಲುಪೇಟೆಗೆ, ಇನ್ನೊಂದು ಸಂತೆಮರಹಳ್ಳಿ ಕಡೆಗೆ. ಇಬ್ಬರು ಡ್ರೈವರು, ಇಬ್ಬರು ಕಂಡಕ್ಟರು, ಒಬ್ಬ ಮೆಕ್ಯಾನಿಕ್, ಒಟ್ಟು ಐದು ಜನ ನಾವು. ರಜೆ ಅನ್ನುವುದೇ ಇರಲಿಲ್ಲ. ನಮ್ಮ ಬಸ್ಸಿನ ಡ್ರೈವರಣ್ಣನ ಮಗ ನಡೆಯಲು ಕಲಿತ ಸುದ್ದಿ ಅವನಿಗೆ ತಿಳಿದದ್ದು ಪಕ್ಕದ ಮನೆಯವರು ಬಸ್ಸು ಹತ್ತಿದಾಗ. ಅವತ್ತೇ ಅವನು, "ಸಂಘ ಕಟ್ಟನ ಕಣ್ಲಾ" ಅಂದ.

೧. ಕೈ ಎತ್ತಿದವರು

ಸಭೆ ಸೇರುವುದೆಲ್ಲಿ? ಒಬ್ಬರು ಬಂದಾಗ ಇನ್ನೊಬ್ಬರು ಹೊರಟಿರುತ್ತಿದ್ದರು. ಒಂದು ದಿನ ಸಂತೆಮರಹಳ್ಳಿ ಬಸ್ಸು ಕೆಟ್ಟು ನಿಂತಿತು. ಗುಂಡ್ಲುಪೇಟೆಯಿಂದ ರಿಪೇರಿ ಸಾಮಾನು ತರಬೇಕೆಂದು ಮೆಕ್ಯಾನಿಕ್ಕೂ ಆ ಬಸ್ಸಿನವರೂ ನಮ್ಮ ಬಸ್ಸು ಹತ್ತಿದರು. ಐದೂ ಜನ ಒಟ್ಟಿಗೆ ಸಿಕ್ಕಿದ್ದೇ ಭಾಗ್ಯವೆಂದು ಓಡುವ ಬಸ್ಸಿನಲ್ಲೇ ಸಭೆ ಶುರುಮಾಡಿದೆವು.

ನಮ್ಮ ಬೇಡಿಕೆ ಮೂರು: ವಾರಕ್ಕೊಂದು ರಜೆ, ಗುಂಡ್ಲುಪೇಟೆಯಲ್ಲಿ ಕೂತು ಉಣ್ಣಲು ಒಂದು ಕೋಣೆ, ಮತ್ತು ಇದೆಲ್ಲ ಬಾಯಿಮಾತಲ್ಲದೆ ಕರಾರುಪತ್ರದಲ್ಲಿ ಇರಬೇಕು. ನಾನು ಎದ್ದು ನಿಂತು, "ಒಪ್ಪಿಗೆ ಇರೋರು ಕೈ ಎತ್ತಿ" ಅಂದೆ. ಪ್ರಯಾಣಿಕರೆಲ್ಲ ಎತ್ತಿದರು. ಒಬ್ಬಾಕೆ ಕಂಕುಳಲ್ಲಿದ್ದ ಕೂಸಿನ ಕೈಯನ್ನೂ ಎತ್ತಿದಳು. ಡ್ರೈವರಣ್ಣನಿಗೆ ಬಹಳ ಹುಮ್ಮಸ್ಸು, ಎರಡೂ ಕೈ ಎತ್ತಿಬಿಟ್ಟ. ಬಸ್ಸು ರಸ್ತೆ ಬಿಟ್ಟು ಮೆಲ್ಲಗೆ ಹುರುಳಿ ಹೊಲಕ್ಕಿಳಿದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ರೈತನೊಬ್ಬ ತಣ್ಣಗೆ ಕೇಳಿದ: "ಸಂಘ ಆಯ್ತಲ್ಲಪ್ಪ, ಈಗ ಬಸ್ಸ ರಸ್ತೆಗೆ ಅತ್ತಿಸಾಕೂ ಕೈ ಎತ್ಬೇಕಾ?"

೨. ಮನವಿ ಪತ್ರ

ಬೇಡಿಕೆಗಳನ್ನು ಬರೆದುಕೊಡಲು ಒಬ್ಬ ನಿವೃತ್ತ ಮೇಷ್ಟರನ್ನು ಹಿಡಿದೆವು. ಮೇಷ್ಟರು ಮೂರು ದಿನ ತಗೊಂಡು ಮೂರು ಪುಟ ಬರೆದರು. ಮೊದಲೆರಡು ಪುಟ ಪೂರ್ತಿ "ಕರುಣಾಸಾಗರರೂ ಆಶ್ರಿತಜನ ಕಲ್ಪವೃಕ್ಷರೂ ಆದ" ಸಾಹುಕಾರರ ವರ್ಣನೆ. ಮೂರನೆಯದರಲ್ಲಿ ನಾವು ವಿಶ್ರಾಂತಿಯೆಂಬ ಅಮೃತಬಿಂದುವಿಗಾಗಿ ಚಾತಕಗಳಂತೆ ಕಾದಿದ್ದೇವೆ ಎಂದಿತ್ತು. ಚಾತಕ ಎಂದರೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಲು ನಾಚಿಕೆ.

ಸಾಹುಕಾರರ ಮುಂದೆ ನಾನೇ ಓದಿದೆ. ಓದುತ್ತಾ ಹೋದಂತೆ ಅವರ ಕಣ್ಣಲ್ಲಿ ನೀರು. ಮುಗಿದ ಮೇಲೆ ಎದ್ದು ಬಂದು ನನ್ನ ಬೆನ್ನು ತಟ್ಟಿ, "ನನ್ನ ಮೇಲೆ ಇಷ್ಟು ಅಭಿಮಾನ ಮಡಗಿದ್ದೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ಉಪ್ಪಿಟ್ಟು, ಕಾಫಿ ತರಿಸಿದರು. ನಾವು ತಿಂದು ಕೈ ಮುಗಿದು ಹೊರಗೆ ಬಂದೆವು.

"ಅದು ದೂರು ಕಣ್ ಬುದ್ಧಿ ಅಂತ ಈಗ ಯಾರ್ಲಾ ಹೇಳೋರು?" ಅಂದ ಡ್ರೈವರಣ್ಣ.

ಯಾರೂ ಹೇಳಲಿಲ್ಲ. ವಾರದೊಳಗೆ ನಮ್ಮ ಬೇಡಿಕೆಗಳು ಗಾಜಿನ ಕಟ್ಟು ಹಾಕಿಸಿಕೊಂಡು, ಕೊರಳಿಗೆ ಹೂವಿನ ಹಾರ ಹಾಕಿಕೊಂಡು, ಸಾಹುಕಾರರ ಕುರ್ಚಿಯ ಮೇಲೆ ಗೋಡೆಗೆ ತೂಗುತ್ತಿದ್ದವು.

೩. ಹೊಸ ಕಂಡಕ್ಟರು

ಕೊನೆಗೆ ಮುಷ್ಕರ ಹೂಡಿದೆವು. ಸ್ಟ್ಯಾಂಡಿನ ಹತ್ತಿರದ ಹುಣಸೆಮರದ ಕೆಳಗೆ ಐದೂ ಜನ ಕೂತೆವು. ಕೆಲಸ ಹೋದರೆ ಹೆಂಡತಿ ಮಕ್ಕಳ ಗತಿಯೇನೆಂದು ಒಳಗೊಳಗೇ ಹೆದರಿಕೆ. ಸಾಹುಕಾರರೂ ಬಿಡುವವರಲ್ಲ. ಮೈಸೂರಿನಿಂದ ಬಾಮೈದನನ್ನು ಕರೆಸಿ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ತಾವೇ ಕಂಡಕ್ಟರ್ ಚೀಲ ತಗಲಿಸಿಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ಸಂತೆಮರಹಳ್ಳಿಗೆ ಹೊರಟರು. ಅವತ್ತು ಸಂತೆ.

ಮಧ್ಯಾಹ್ನ ಬಸ್ಸು ವಾಪಸು ಬಂತು. ಸಾಹುಕಾರರ ಪೇಟ ಇರಲಿಲ್ಲ. ಅಂಗಿಯ ತುಂಬ ಕೋಳಿ ಪುಕ್ಕ. ನೇರ ಬಂದು, ಚೀಲ ಕೆಳಗಿಟ್ಟು, ನಮ್ಮ ಮಧ್ಯೆ ಉಸ್ಸಪ್ಪಾ ಅಂತ ಕೂತರು. ನಮಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯಲಿಲ್ಲ. ನೀರು ಕುಡಿದು ಅವರೇ ಹೇಳಿದರು.

ಕೋಳಿಬುಟ್ಟಿಯ ಮುದುಕಿಯೊಬ್ಬಳು ಅವರನ್ನು ಮೇಲಿಂದ ಕೆಳಗೆ ನೋಡಿ, "ಒಸಬ್ನೇನ್ಲಾ?" ಅಂದಳಂತೆ. ಇವರು ನಾಚಿಕೆಗೆ "ಹೂಂ ಕಣವ್ವ" ಅಂದರಂತೆ. ಅದಕ್ಕವಳು, "ಈ ವಯಸ್ನಲ್ಲಿ ಯಾಕ್ ಮಗ ಈ ಕೆಲ್ಸಕ್ ಸೇರ್ಕಂಡೆ? ಆ ಸಾವ್ಕಾರ ಆಳುಗಳ್ನ ಕುಂತು ಉಣ್ಣಾಕೂ ಬುಡಾಕಿಲ್ವಂತೆ. ನೀನೂ ಓಗಿ ಮರದ್ ಕೆಳ್ಗೆ ಅವ್ರ ಜೊತೆ ಕುಂತ್ಕೊ" ಅಂದಳಂತೆ.

"ಅದಕ್ಕೇ ಬಂದು ಕುಂತಿದ್ದೀನಿ" ಅಂದರು ಸಾಹುಕಾರರು. "ಎಲ್ಲಿ, ನನ್ನನ್ನೂ ಸಂಘಕ್ಕೆ ಸೇರಿಸ್ಕೊಳಿ."

ಮಾರನೆಯ ದಿನ ಕರಾರುಪತ್ರಕ್ಕೆ ರುಜು ಬಿತ್ತು.

೪. ಮೊದಲ ರಜೆ

ನನ್ನ ಮೊದಲ ರಜೆ ಬಂದ ದಿನವೇ ಗುಂಡ್ಲುಪೇಟೆಯಲ್ಲಿ ಅಕ್ಕನ ಮಗಳ ಮದುವೆ. ಮನೆಯ ಯಾವ ಶುಭಕಾರ್ಯಕ್ಕೂ ನಾನು ಹೋದವನಲ್ಲ. ಮಡಿ ಪಂಚೆ ಉಟ್ಟು ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ಚಪ್ಪರದಲ್ಲಿ ಕಾಲಿಡಲು ಜಾಗವಿಲ್ಲ. ನಾನು ಬಾಗಿಲ ಕಂಬಕ್ಕೆ ಒರಗಿ ನಿಂತೆ. ಗಂಡು ತಾಳಿ ಹಿಡಿದುಕೊಂಡು ಕೂತಿದ್ದ. ಮುಹೂರ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಪುರೋಹಿತರು ತಲೆ ಎತ್ತಿ, "ಎಲ್ಲರೂ ಬಂದ್ರಾ?" ಅಂತ ಕೇಳಿದರು.

ಅಷ್ಟು ಜನ, ಅಷ್ಟು ನೂಕುನುಗ್ಗಲು, ಮೇಲೆ ಆ ಪ್ರಶ್ನೆ. ಬಾಯಿ ನನ್ನ ಮಾತು ಕೇಳಲಿಲ್ಲ. "ಎಲ್ಲಾ ಬಂದ್ರು, ರೈಟ್" ಅಂತ ಕೂಗಿ, ಕಂಬಕ್ಕೆ ಎರಡು ಸಲ ರಪರಪ ಬಡಿದೆ.

ಡೋಲಿನವನು ಅದನ್ನೇ ಸನ್ನೆ ಅಂದುಕೊಂಡು ಗಟ್ಟಿಮೇಳ ಬಾರಿಸಿದ. ನಾಗಸ್ವರ ಕೂಡಿಕೊಂಡಿತು. ಗಂಡು ಗಾಬರಿಯಲ್ಲಿ ತಾಳಿ ಕಟ್ಟಿಯೇಬಿಟ್ಟ. ಹೆಂಗಸರು ಅಕ್ಷತೆ ಎಸೆದರು. ಪುರೋಹಿತರು "ಲಗ್ನ ಕೆಟ್ಟಿತು, ಯಾರದು ಅಲ್ಲಿ?" ಎಂದು ಎದ್ದೇ ನಿಂತರು. ಮೇಳ ನಿಂತಿತು. ಚಪ್ಪರಕ್ಕೆ ಚಪ್ಪರವೇ ನನ್ನತ್ತ ತಿರುಗಿತು. ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಮುಂದಿನ ಸಾಲಿನಲ್ಲಿದ್ದ ಅಕ್ಕನ ಮಾವ, ವರ್ಷಗಟ್ಟಲೆ ನನ್ನ ಬಸ್ಸಿಗೆ ಕಾದು ಕಾದು ಸಾಕಾಗಿದ್ದ ಮುದುಕರು, ಕೋಲೂರಿಕೊಂಡು ಎದ್ದರು.

"ಕೋಪ ಮಾಡ್ಕಬೇಡಿ ಸಾಮಿ" ಅಂದರು. "ಇದಕ್ಕಿಂತ ಶುಭಗಳಿಗೆ ಇನ್ನೆಲ್ಲಿ ಸಿಕ್ಕೀತು? ಇವನು ರೈಟ್ ಅಂದು ಏನಾದ್ರೂ ಟೈಮಿಗೆ ಮುಂಚೆ ಹೊಂಟಿದ್ದು ನನ್ನ ಜೀವ್ಮಾನದಾಗೆ ಇದೇ ಮೊದ್ಲು."