ಬ್ರೆಕಿ ಬರ್ಗರ್ ವಿರುದ್ಧ ನಾನು

ನನ್ನ ಗಂಡ ಓರ್ವಿಲ್‌ಗೆ ಒಬ್ಬಳು ಮೊದಲ ಹೆಂಡತಿ ಇದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಅವಳದೊಂದು ಫೋಟೋ ಗೋಡೆಗೆ ತೂಗುಹಾಕಿ, ವರ್ಷಕ್ಕೊಮ್ಮೆ ಧೂಳು ಒರೆಸಿ, ನೆಮ್ಮದಿಯಾಗಿ ಇರಬಹುದಿತ್ತು. ಆದರೆ ನನ್ನ ಪಾಲಿಗೆ ಬಂದದ್ದು ಮೊದಲ ಬರ್ಗರ್.

ಅದರ ಹೆಸರು ಬ್ರೆಕಿ ಬರ್ಗರ್. ಓರ್ವಿಲ್ ಹುಟ್ಟಿ ಬೆಳೆದ ಲಾರ್ಚ್ ಫಾಲ್ಸ್ ಎಂಬ ಊರಿನ ಹೆದ್ದಾರಿ ಬದಿಯಲ್ಲಿ ಬ್ರೆಕಿ ಮನೆತನದವರ ಬರ್ಗರ್ ಮತ್ತು ರೂಟ್ ಬಿಯರ್ ಅಂಗಡಿ ಇದೆ. (ಹೆಸರಿನಲ್ಲಿ ಬಿಯರ್ ಇದೆ ಅಷ್ಟೇ. ಕುಡಿದರೆ ಸಿಹಿ ಸೋಡಾ. ನಮ್ಮ ಚರ್ಚಿನ ಪಾದ್ರಿಗಳೂ ಎರಡು ಮಗ್ಗು ಇಳಿಸಿ ಮದ್ಯಪಾನದ ಕೇಡುಗಳ ಬಗ್ಗೆ ಉಪದೇಶ ಮಾಡುತ್ತಾರೆ.) ನಮ್ಮ ಮಿನೆಸೋಟಾ ರಾಜ್ಯದ ಹಿಮ ಕರಗಿದ ಮೇಲೆ ತೆರೆದು, ಮತ್ತೆ ಚಳಿ ಬೀಳುತ್ತಲೇ ಬಾಗಿಲು ಹಾಕುವ ಅಂಗಡಿ. ಓರ್ವಿಲ್‌ನ ಬಾಯಲ್ಲಿ ಮಾತ್ರ ಅದು ಹನ್ನೆರಡು ತಿಂಗಳೂ ತೆರೆದಿರುತ್ತದೆ.

ಪ್ರತಿ ಶನಿವಾರ ಮಧ್ಯಾಹ್ನ ನಾನು ಬರ್ಗರ್ ಮಾಡುತ್ತೇನೆ. ನನ್ನ ಅಮ್ಮನ ಕಬ್ಬಿಣದ ಕಾವಲಿ, ನಾನೇ ಅರೆದ ಮಾಂಸ, ನಾನೇ ಸುಟ್ಟ ಬನ್. ಸ್ವಪ್ರಶಂಸೆ ಅಲ್ಲ, ವರದಿ: ಆಗಸ್ಟ್ ತಿಂಗಳ ಚರ್ಚಿನ ಊಟದಲ್ಲಿ ಬರ್ಗರ್ ಕಾವಲಿಯ ಅಧಿಪತ್ಯ ಮೊದಲಿನಿಂದಲೂ ನನ್ನದು. ಸಾಲು ವಾಹನ ನಿಲ್ದಾಣದವರೆಗೆ ಹೋಗುತ್ತದೆ. ಬೇರೆ ಚರ್ಚಿನವರಾದ ಕ್ಯಾಥೊಲಿಕ್ಕರೂ ಬಂದು ನಿಲ್ಲುತ್ತಾರೆ.

ಇಂಥ ಬರ್ಗರನ್ನು ಓರ್ವಿಲ್ ಕಚ್ಚುತ್ತಾನೆ, ಅಗಿಯುತ್ತಾನೆ, ನುಂಗುತ್ತಾನೆ, ಆಮೇಲೆ ಹೇಳುತ್ತಾನೆ: "ಚೆನ್ನಾಗಿದೆ ಮಾರ್ಲಿಸ್. ಆದರೆ ಬ್ರೆಕಿಯಲ್ಲಿ..."

ಆ 'ಆದರೆ'ಯ ಹಿಂದೆ ಇಡೀ ಪುರಾಣ ಹೊರಡುತ್ತದೆ. ಬ್ರೆಕಿಯಲ್ಲಿ ಈರುಳ್ಳಿ ಎಷ್ಟು ತೆಳ್ಳಗೆಂದರೆ ಅದರ ಮೂಲಕ ಪೇಪರ್ ಓದಬಹುದಂತೆ. ಮಗ್ಗು ಎಷ್ಟು ತಣ್ಣಗೆಂದರೆ ತುಟಿ ಅಂಟಿಕೊಳ್ಳುತ್ತದಂತೆ. ಮೂವತ್ತನಾಲ್ಕು ವರ್ಷ ಕೇಳಿದ್ದೇನೆ. ಪ್ರತಿ ಬೇಸಿಗೆಯಲ್ಲೂ "ಒಂದು ಸಲ ಹೋಗಿ ಬರೋಣ" ಎನ್ನುತ್ತಿದ್ದ. ದಾರಿ ಎರಡು ಗಂಟೆಯದಷ್ಟೆ. ಆದರೂ ಪ್ರತಿ ಬೇಸಿಗೆಯಲ್ಲೂ ನನಗೆ ಟೊಮೇಟೊ ಗಿಡಗಳ ಕೆಲಸವೋ ಕುತ್ತಿಗೆ ನೋವೋ ಇರುತ್ತಿತ್ತು. ಸವತಿಯ ಮನೆಗೆ ಔತಣಕ್ಕೆ ಯಾರು ಹೋಗುತ್ತಾರೆ?

ಈ ಜೂನ್‌ನಲ್ಲಿ ಸಹನೆ ತೀರಿತು. ಪಕ್ಕದ ಮನೆಯ ಡಲೋರಿಸ್ ಊಟಕ್ಕೆ ಬಂದಿದ್ದಳು. ಡಲೋರಿಸ್ ಎಂದರೆ ಚರ್ಚಿನ ಊಟದ ಸಮಿತಿಯ ಅಧ್ಯಕ್ಷೆ, ಜೊತೆಗೆ ಊರಿನ ಆಕಾಶವಾಣಿ. ಅವಳು ನನ್ನ ಬರ್ಗರ್ ಹೊಗಳುತ್ತಿರುವಾಗಲೇ ಓರ್ವಿಲ್ ಬಾಯಿ ತೆರೆದ. ಸಂಜೆಯ ಹೊತ್ತಿಗೆ ಅಂಚೆ ಕಚೇರಿಯಲ್ಲಿ ಒಬ್ಬಾಕೆ ನನ್ನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಿ, ಗಂಡಸರೇ ಹಾಗೆ" ಎಂದಳು.

ಅವತ್ತೇ ನನಗೆ ಉಪಾಯ ಹೊಳೆಯಿತು. ಬಾಲ್ಯದ ರುಚಿಯನ್ನು ಕೊಲ್ಲಲು ಒಂದೇ ದಾರಿ, ಅದನ್ನು ಮತ್ತೊಮ್ಮೆ ತಿನ್ನಿಸುವುದು. ಹತ್ತು ವರ್ಷದ ಹಸಿದ ಹುಡುಗನಿಗೆ ಅಮೃತವಾಗಿದ್ದದ್ದು ಅರವತ್ತೆರಡರ ಹೊಟ್ಟೆ ಉಬ್ಬರದವನಿಗೆ ಅಮೃತವಾಗಿ ಉಳಿಯುವುದಿಲ್ಲ.

"ಓರ್ವಿಲ್, ಲಾರ್ಚ್ ಫಾಲ್ಸ್‌ಗೆ ಹೋಗೋಣ."

ಅವನು ಬಾಯಲ್ಲಿದ್ದದ್ದನ್ನು ನುಂಗಲು ಮರೆತ. "ನೀನಾಗಿ ನೀನೇ ಹೇಳ್ತಿದೀಯಾ? ಜ್ವರ ಗಿರ ಬಂದಿದೆಯಾ?"

"ಒಂದು ಕರಾರು. ಆ ಬರ್ಗರ್ ನನ್ನದಕ್ಕಿಂತ ಮೇಲಲ್ಲ ಅಂತಾದ್ರೆ, ಇನ್ಮೇಲೆ ಈ ಅಡುಗೆಮನೇಲಿ ಆ ಹೆಸರು ಎತ್ತೋ ಹಾಗಿಲ್ಲ."

"ಮೇಲಾಗಿದ್ರೆ?"

"ಡಲೋರಿಸ್ ಎದುರಿಗೆ ನಾನೇ ಬಾಯಿಬಿಟ್ಟು ಒಪ್ಕೋತೀನಿ."

ಓರ್ವಿಲ್ ನನ್ನನ್ನು ಬಹಳ ಹೊತ್ತು ನೋಡಿದ. ಗಂಡ ಹೆಂಡತಿಯನ್ನು ಅಷ್ಟು ಹೊತ್ತು ನೋಡುವುದು ಮದುವೆಯ ಮೊದಲ ವರ್ಷ, ಇಲ್ಲವೇ ಕಾರಿಗೆ ಪೆಟ್ಟು ಬಿದ್ದಾಗ. "ಮಾರಾಯ್ತಿ, ಯೋಚನೆ ಮಾಡು. ಡಲೋರಿಸ್‌ಗೆ ಹೇಳಿದ್ರೆ ಜಿಲ್ಲೆಗೇ ಹೇಳಿದ ಹಾಗೆ."

"ನೀನು ಕಾರು ತೆಗಿ."

ಕಾರು ಹೊಸದು. ಅದು ತನಗೇ ಬುದ್ಧಿಯಿದೆ ಎಂದುಕೊಂಡಿರುವ ಜಾತಿಯದು. ಸ್ವಲ್ಪ ನೆರಳಾದರೆ ತಾನೇ ದೀಪ ಹೊತ್ತಿಸಿಕೊಳ್ಳುತ್ತದೆ. ಒಂದು ಕಾಗೆ ಅಡ್ಡ ಹಾರಿದರೂ ಸಾಯಂಕಾಲವಾಯಿತೆಂದು ತಿಳಿಯುತ್ತದೆ. ಓರ್ವಿಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬೆಳಗಿನ ತಿಂಡಿ ಬಿಟ್ಟಿದ್ದ. ನನ್ನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದಾಗ ತಿಂಡಿ ತಿಂದೇ ಬಂದಿದ್ದ.

ಅಂಗಡಿ ಅವನು ಹೇಳಿದ ಹಾಗೇ ಇತ್ತು. ಕಿತ್ತಳೆ ಬಣ್ಣದ ತಗಡಿನ ಚಾವಣಿ, ಅದರ ಕೆಳಗೆ ಕಾರುಗಳು ಸಾಲಾಗಿ ನಿಲ್ಲುವ ಜಾಗ, ಒಂದು ಹಳೆಯ ಹಲಗೆ: 'ದೀಪ ಹಾಕಿ, ಬರುತ್ತೇವೆ.' ಅಲ್ಲಿ ಇಳಿದು ಹೋಗುವ ಪದ್ಧತಿ ಇಲ್ಲ. ಕಾರಿನ ದೀಪ ಹಾಕಿದರೆ ಹೆಂಗಸೊಬ್ಬಳು ಬಂದು, ಬೇಕಾದ್ದು ಕೇಳಿಕೊಂಡು ಹೋಗಿ, ತಟ್ಟೆಯನ್ನು ಕಿಟಕಿಯ ಗಾಜಿಗೆ ಕೊಕ್ಕೆ ಹಾಕಿ ನೇತು ಬಿಡುತ್ತಾಳೆ. ಮತ್ತೇನಾದರೂ ಬೇಕಾದರೆ ಮತ್ತೆ ದೀಪ.

ನಾವು ಚಾವಣಿಯ ನೆರಳಿಗೆ ಬಂದೆವು. ಕಾರು ತಾನೇ ದೀಪ ಹಾಕಿಕೊಂಡಿತು. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ತಲೆಗೆ ಕಾಗದದ ಟೋಪಿ, ಕಾಲಿಗೆ ಓಟದ ಬೂಟು, ಹೊರಗೆ ಬಂದಳು. ಅಂಗಡಿಯ ಯಜಮಾನಿ ಬೆವ್ ಬ್ರೆಕಿ.

"ಯಾರಿದು? ಆರ್ಲೋ ಮಗ ಓರ್ವಿ ಅಲ್ವೇನೋ! ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ವರ್ಷ?"

"ಮದುವೆ ಆಯ್ತು, ಬೆವ್."

"ಓಹೋ." ಬಗ್ಗಿ, ಪೊಲೀಸರು ಲೈಸೆನ್ಸ್ ನೋಡುವ ಹಾಗೆ ನನ್ನನ್ನು ನೋಡಿದಳು. "ಇವರೇನಾ? ಸರಿ. ಗಾಜು ನಾಲ್ಕು ಬೆರಳು ಏರಿಸು ಮರಿ, ತಟ್ಟೆ ನಿಲ್ಲಬೇಕು."

ತಟ್ಟೆ ಬಂತು. ನಾನು ಕಾಗದ ಬಿಚ್ಚಿದೆ. ನೋಡಲು ಏನೂ ಇಲ್ಲ. ಮೆತ್ತಗಿನ ಬನ್, ಮಾಂಸದ ಸಣ್ಣ ಬಿಲ್ಲೆ, ಬಡಕಲು. ನನ್ನ ಮನಸ್ಸು ಹಗುರವಾಯಿತು. ಕಚ್ಚಿದೆ.

ಮಾಂಸದ ಅಂಚು ಕಸೂತಿಯ ಹಾಗೆ ಗರಿಗರಿ, ನಡುವೆ ರಸ. ಈರುಳ್ಳಿ ಕಾವಲಿಯ ಮೇಲೆಯೇ ಕರಗಿ ಅದರೊಳಗೆ ಸೇರಿಬಿಟ್ಟಿತ್ತು. ಆವಿಯಲ್ಲಿ ಬೆಚ್ಚಗಾದ ಬನ್ ಅದನ್ನೆಲ್ಲ ತಾಯಿಯ ಹಾಗೆ ಹಿಡಿದುಕೊಂಡಿತ್ತು. ಬಾಯಿ ಸುಳ್ಳು ಹೇಳಬಹುದು, ನಾಲಿಗೆ ಹೇಳುವುದಿಲ್ಲ. ನನ್ನ ಅಮ್ಮನ ಕಾವಲಿ, ಕ್ಯಾಥೊಲಿಕ್ಕರ ಸಾಲು, ಎಲ್ಲ ಕಣ್ಣ ಮುಂದೆ ಬಂದು ಕೈಬೀಸಿ ಹೋದವು. ಇನ್ನು ಡಲೋರಿಸ್ ಎದುರು ನಿಲ್ಲಬೇಕು. ನಾನು ಮುಖವನ್ನು ಬ್ಯಾಂಕಿನ ಗೋಡೆಯ ಹಾಗೆ ಇಟ್ಟುಕೊಂಡು ಗಾಜಿನಾಚೆ ನೋಡಿದೆ.

ಓರ್ವಿಲ್ ಅಗಿದ. ನುಂಗಿದ. ಮಗ್ಗಿನಿಂದ ಒಂದು ಗುಟುಕು ಕುಡಿದ.

"ಬೇರೆ ಥರ ಇದೆ" ಎಂದ.

ನಮ್ಮ ಸೀಮೆಯಲ್ಲಿ ಅಡುಗೆ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. 'ಬೇರೆ ಥರ ಇದೆ' ಎನ್ನುತ್ತೇವೆ. ಆ ಮಾತು ಕೇಳಿಸಿಕೊಂಡ ಗೃಹಿಣಿ ಆ ಪದಾರ್ಥವನ್ನು ಮತ್ತೆ ಜನರ ಮುಂದೆ ತರುವುದಿಲ್ಲ. ಕೆಲವರು ಊರನ್ನೇ ಬಿಟ್ಟಿದ್ದಾರೆ.

"ಅಂದ್ರೆ?" ಎಂದೆ.

"ಅಂದ್ರೆ ನೀನೇ ಗೆದ್ದೆ ಮಾರ್ಲಿಸ್. ಇದು ಅದಲ್ಲ." ಅವನು ಅರ್ಧ ತಿಂದ ಬರ್ಗರನ್ನು ತಟ್ಟೆಯ ಮೇಲಿಟ್ಟ.

ನಾನು ಸಂಭ್ರಮಿಸಬೇಕಿತ್ತು. ಆದರೆ ನನ್ನ ಕೈ ಆಗಲೇ ಅವನ ಅರ್ಧದ ಕಡೆಗೆ ಹೋಗಿತ್ತು. "ಬಿಸಾಕೋದ್ಯಾಕೆ" ಎಂದೆ. ಆ ಅರ್ಧವೂ ಮುಗಿಯಿತು. ಇನ್ನೊಂದು ಬೇಕೆಂದು ಕೇಳುವಂತಿಲ್ಲ. ಕೇಳಿದರೆ ಗೆದ್ದ ಯುದ್ಧವನ್ನು ಕೈಯಾರೆ ಸೋತಂತೆ. ತಟ್ಟೆಯ ಮೇಲಿನ ಕಾಗದವನ್ನು ನೆಕ್ಕುವುದೊಂದು ಬಾಕಿ.

ಅಷ್ಟರಲ್ಲಿ ಬೆವ್ ಬಂದಳು. "ಏನು ಬೇಕು ಮರಿ? ದೀಪ ಹಾಕಿದ್ಯಲ್ಲ."

ಓರ್ವಿಲ್ ಕೆಂಪಾದ. ಸೆಕೆಗೆಂದು ತಂಪು ಗಾಳಿ ಹಾಕಿಕೊಂಡು ಎಂಜಿನ್ ಆರಿಸಿರಲಿಲ್ಲ. ಮೋಡ ಮುಚ್ಚಿತ್ತು, ಕಾರು ತಾನಾಗಿ ದೀಪ ಹಾಕಿಕೊಂಡು ನಿಂತಿತ್ತು. 'ಕಾರಿನ ತಪ್ಪು, ಏನೂ ಬೇಡ' ಎಂದರೆ ಮುಗಿಯಿತು. ಆದರೆ ನಡೆದು ಬಂದವರನ್ನು ಸುಮ್ಮನೆ ವಾಪಸು ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ತಪ್ಪು ನಂಬರಿನ ಫೋನ್ ಬಂದರೂ ಹವಾಮಾನ ವಿಚಾರಿಸದೆ ಇಡುವವರಲ್ಲ ನಾವು.

"ಇನ್ನೊಂದು ರೂಟ್ ಬಿಯರ್" ಎಂದ ಓರ್ವಿಲ್.

"ಪಾಪ, ಅಷ್ಟು ದೂರ ನಡೆದು ಬಂದಿದಾರೆ" ಎಂದೆ ನಾನು. "ಒಂದು ಬರ್ಗರ್ ಕೂಡ ಹೇಳು. ಮರ್ಯಾದೆಗೆ."

ಮರ್ಯಾದೆಯ ಬರ್ಗರ್ ಬಂತು. ಮರ್ಯಾದೆಯಿಂದ ತಿಂದೆ. ಚಾವಣಿಯಡಿಗೆ ಓರೆ ಬಿಸಿಲು ಬಂತು, ದೀಪ ಆರಿತು, ಮೋಡ ಬಂತು, ದೀಪ ಹತ್ತಿತು, ಬೆವ್ ಬಂದಳು.

"ಮತ್ತೇನು?"

"ಇನ್ನೊಂದು ರೂಟ್ ಬಿಯರ್" ಎಂದ ಓರ್ವಿಲ್, ಹೊಟ್ಟೆ ಹಿಡಿದುಕೊಂಡು.

"ಅವರ ಮನಸ್ಸು ನೋಯಿಸೋದು ಬೇಡ" ಎಂದೆ ನಾನು. "ಒಂದು ಬರ್ಗರ್."

ನಾನು ಆಕಾಶದ ಕಡೆ ನೋಡಿ ಮೋಡಕ್ಕಾಗಿ ಪ್ರಾರ್ಥಿಸಿದೆ. ಆ ಮೂರನೆಯದನ್ನು ತಿಂದು ಮುಗಿಸಿದಾಗ ಬೆವ್ ತಾನಾಗಿ ಬಂದು ತಟ್ಟೆ ಬಿಚ್ಚಿಕೊಂಡಳು. "ನಿನ್ನ ಹೆಂಡತಿ ಬಹಳ ಒಳ್ಳೆಯವಳು ಕಣೋ ಓರ್ವಿ. ಎಷ್ಟು ಸಂಕೋಚ!"

ಹಿಂತಿರುಗುವಾಗ ಓರ್ವಿಲ್ ರಸ್ತೆಯ ಮೇಲಷ್ಟೇ ಕಣ್ಣಿಟ್ಟು ಕಾರು ಓಡಿಸಿದ. ದುಃಖವಿರಬೇಕೆಂದು ಕನಿಕರಿಸಿದೆ. (ಅವನು ಪ್ರತಿ ಪೆಟ್ರೋಲ್ ಬಂಕಿನಲ್ಲೂ ಶೌಚಾಲಯಕ್ಕೆ ಇಳಿದ. ಅಷ್ಟು ರೂಟ್ ಬಿಯರ್!)

ಮುಂದಿನ ಶನಿವಾರ ನಾನು ಬರ್ಗರ್ ಮಾಡಿದೆ. ಓರ್ವಿಲ್ ಕಚ್ಚಿದ, ಅಗಿದ, ನುಂಗಿದ. "ಚೆನ್ನಾಗಿದೆ" ಎಂದ.

ನಾನು ಕಾದೆ. ಅಷ್ಟೇ. ಪೂರ್ಣವಿರಾಮ.

ಆ ಪೂರ್ಣವಿರಾಮ ನನ್ನ ನೆಮ್ಮದಿ ಕೆಡಿಸಿತು. ಏಕೆಂದರೆ ಬರ್ಗರ್ ಚೆನ್ನಾಗಿರಲಿಲ್ಲ. ಅದನ್ನು ಹೇಳಬಲ್ಲವರು ಇಡೀ ಊರಿನಲ್ಲಿ ಇಬ್ಬರೇ, ಅವರಲ್ಲೊಬ್ಬನ ಬಾಯಿಗೆ ನಾನೇ ಬೀಗ ಹಾಕಿದ್ದೆ. ಮರುವಾರ ಈರುಳ್ಳಿಯನ್ನು ಕ್ಷೌರದ ಬ್ಲೇಡಿನಲ್ಲಿ ಹೆಚ್ಚಿದೆ. ಬನ್ನಿಗೆ ಆವಿ ಕೊಟ್ಟೆ. ಬಿಲ್ಲೆಯನ್ನು ಪಾದ್ರಿಗಳ ಬೈಬಲ್ ವ್ಯಾಖ್ಯಾನದ ದಪ್ಪ ಪುಸ್ತಕದಿಂದ ಅದುಮಿದೆ.

"ಚೆನ್ನಾಗಿದೆ."

"ಈರುಳ್ಳಿ ಇನ್ನೂ ತೆಳ್ಳಗೆ ಬೇಕಿತ್ತಾ? ಅಲ್ಲಿಯ ಹಾಗೆ?"

"ಎಲ್ಲಿಯ ಹಾಗೆ?"

"ಗೊತ್ತಲ್ಲ ನಿಂಗೆ."

"ಹೆಸರು ಹೇಳು, ಗೊತ್ತಾಗತ್ತೆ."

"ಓರ್ವಿಲ್!"

"ಕರಾರು ನನ್ನದಲ್ಲಮ್ಮ. ಈ ಅಡುಗೆಮನೇಲಿ ಎತ್ತಬಾರದು ಅಂದವಳು ನೀನು." ಅವನು ತಟ್ಟೆ ಹಿಡಿದು ಎದ್ದ. "ಮಾತಾಡಲೇಬೇಕು ಅಂದ್ರೆ ಗ್ಯಾರೇಜಿಗೆ ಬಾ."

ಹೋದೆ. ಏನು ಮಾಡಲಿ? ಬೇಸಿಗೆಯಲ್ಲಿ ಗ್ಯಾರೇಜಿನ ಬಾಗಿಲು ಎತ್ತಿ, ಮಡಚುವ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂರುವುದು ನಮ್ಮ ಊರಿನ ಗಂಡಸರ ಅಭ್ಯಾಸ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಹಿಮ ತೋಡುವ ಸಲಿಕೆಗೂ ನಡುವೆ ನನಗೊಂದು ಕುರ್ಚಿ ಬಿಡಿಸಿಟ್ಟ.

"ಈಗ ಕೇಳು."

"ಬ್ರೆಕಿಯಲ್ಲಿ" ಎಂದೆ. ಹೇಳಿದ್ದೇ ತಡ, ಎದೆ ಹಗುರವಾಯಿತು. "ಬ್ರೆಕಿಯಲ್ಲಿ ಈರುಳ್ಳೀನ ಮಾಂಸದ ಜೊತೆಗೇ ಒತ್ತುತ್ತಾರಾ, ಆಮೇಲೆ ಹಾಕ್ತಾರಾ?"

"ಜೊತೆಗೇ." ಓರ್ವಿಲ್‌ನ ಮುಖ ಅರಳಿತು. "ಇಷ್ಟು ವರ್ಷ ಅದನ್ನೇ ಅಲ್ವಾ ನಾನು ಹೇಳಿದ್ದು! ಯಾವತ್ತಾದ್ರೂ ಕಿವಿಗೆ ಹಾಕ್ಕೊಂಡ್ಯಾ?"

"ಮತ್ತೆ ಅವತ್ತು ಅದು ಚೆನ್ನಾಗಿಲ್ಲ ಅಂದೆ?"

"ಚೆನ್ನಾಗಿಲ್ವಾ? ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ನನಗೆ ಅಳು ಬರೋದೊಂದು ಬಾಕಿ ಇತ್ತು."

"ಹಾಗಾದ್ರೆ ಯಾಕೆ ಸುಳ್ಳು ಹೇಳಿದೆ?"

"ಮೊದಲ ತುತ್ತಿಗೇ ನಿನ್ನ ಮುಖ ನೋಡಿದೆ. ಚೆನ್ನಾಗಿದೆ ಅಂದಿದ್ರೆ ನೀನು ಕಚ್ಚಿದ್ದನ್ನ ಅಲ್ಲೇ ಇಟ್ಟು, ಎರಡು ಗಂಟೆ ದಾರಿ ನನ್ನ ಪಕ್ಕ ಕೂತು ಬರ್ತಿದ್ದೆ. ಸೋತ ಮಾರ್ಲಿಸ್ ಜೊತೆ ಎರಡು ಗಂಟೆ! ನನಗೂ ವಯಸ್ಸಾಯ್ತು. ಕೆಟ್ಟಿದೆ ಅಂದೆ, ನೀನು ಹಾಯಾಗಿ ಮೂರು ತಿಂದೆ." ಅವನು ಬಾಯಿ ಒರೆಸಿಕೊಂಡ. "ದೀಪ ಆರಿಸೋ ಗುಂಡಿ ಎಲ್ಲಿದೆ ಅಂತಾನೂ ನನಗೆ ಗೊತ್ತಿತ್ತು."

ಅಷ್ಟರಲ್ಲಿ ಡಲೋರಿಸ್ ನಾಯಿ ಹಿಡಿದುಕೊಂಡು ಬಂದು ಗ್ಯಾರೇಜಿನ ಮುಂದೆ ನಿಂತಳು. "ಇದೇನೇ ಮಾರ್ಲಿಸ್, ಮನೆ ಇಟ್ಕೊಂಡು ಗ್ಯಾರೇಜಲ್ಲಿ ಊಟ?"

ಓರ್ವಿಲ್ ಬಾಯಿ ತುಂಬ ಬರ್ಗರ್ ತುಂಬಿಕೊಂಡ. ಕಾನೂನಿನ ಪ್ರಕಾರ ಗೆದ್ದವಳು ನಾನು. ಒಂದು ಮಾತೂ ಆಡಬೇಕಾಗಿರಲಿಲ್ಲ. ಆದರೆ ಗಂಡ ಸುಳ್ಳು ಹೇಳಿ ದಾನ ಕೊಟ್ಟ ಗೆಲುವನ್ನು ಇಟ್ಟುಕೊಳ್ಳುವಷ್ಟು ಬಡತನ ನನಗೆ ಬಂದಿಲ್ಲ. "ಡಲೋರಿಸ್" ಎಂದೆ, "ಬ್ರೆಕಿ ಬರ್ಗರ್ ನನ್ನ ಬರ್ಗರಿಗಿಂತ ಮೇಲು. ನಾನೇ ತಿಂದು ನೋಡಿದೀನಿ."

ಡಲೋರಿಸ್ ಅಯ್ಯೋ ಅನ್ನುತ್ತಾಳೆ, ಇಲ್ಲ ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನಾಯಿಯ ಹಗ್ಗ ಬಿಗಿ ಹಿಡಿದು ಯೋಚಿಸಿದಳು.

"ಹೇಳಿದ್ದು ಒಳ್ಳೇದಾಯ್ತು. ಸಮಿತೀಲೂ ಯಾರೋ ಈ ವಿಷಯ ತೆಗೆದಿದ್ರು, ನಿಂಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ವಿ. ಹಾಗಾದ್ರೆ ಆಗಸ್ಟ್ ಊಟಕ್ಕೆ ಆ ಬ್ರೆಕಿಯವರನ್ನೇ ಕಾವಲಿ ಸಮೇತ ಕರೆಸಿಬಿಡೋಣ. ನೀನು ಸಲಾಡಿಗೆ ಎಲೆಕೋಸು ಹೆಚ್ಚಿಕೊಡು. ನಿನ್ನ ಕೈ ಬಹಳ ಚುರುಕು."

ನಾನು ಓರ್ವಿಲ್ ಕಡೆಗೆ ನೋಡಿದೆ. ಇಂಥ ಹೊತ್ತಿನಲ್ಲಿ ಗಂಡನಾದವನು ಹೆಂಡತಿಯ ಪರವಾಗಿ ಎದ್ದು ನಿಲ್ಲಬೇಕು. ಅವನು ನಿಧಾನವಾಗಿ ನುಂಗಿದ, ಬಾಯಿ ಒರೆಸಿಕೊಂಡ, ಎದ್ದು ನಿಂತ.

"ನೀವು ಚಿಂತೆ ಮಾಡ್ಬೇಡಿ ಡಲೋರಿಸ್" ಎಂದ. "ಅವರನ್ನ ಕರಕೊಂಡು ಬರೋಕೆ ನಾನು ಒಂದು ದಿನ ಮುಂಚೇನೇ ಹೋಗ್ತೀನಿ."