ಮೇಷ್ಟ್ರ ಅಹಿಂಸಾ ತೊಟ್ಟಿ

ಚನ್ನರಾಯಪಟ್ಟಣದಲ್ಲಿ ಇದುವರೆಗೆ ಯಾರೂ ಮಾಡದ್ದನ್ನು ಮಾಡಿ ತೋರಿಸುತ್ತೇನೆಂದು ವಿಜ್ಞಾನದ ಮೇಷ್ಟ್ರು ಧನ್ಯಕುಮಾರ್ ನಡುಮನೆಯಲ್ಲಿ ನಿಂತು ಸಾರಿದರು. ಗಾಜಿನ ತೊಟ್ಟಿಯೊಳಗೆ ಒಂದು ಸಮತೋಲದ ಲೋಕ! ಗಿಡ ಮೀನಿಗೆ ಉಸಿರು ಕೊಡುತ್ತದೆ, ಮೀನಿನ ಕಸ ಗಿಡಕ್ಕೆ ಗೊಬ್ಬರವಾಗುತ್ತದೆ, ಬಸವನಹುಳು ಪಾಚಿ ತಿಂದು ಗಾಜು ಉಜ್ಜುತ್ತದೆ. ಮನುಷ್ಯರು ಸುಮ್ಮನೆ ಕೂತು ನೋಡಿದರೆ ಸಾಕು.

"ಅದರೊಳಗೆ ಒಂದು ಜೀವ ಇನ್ನೊಂದು ಜೀವಾನ ತಿನ್ನಲ್ಲ ತಾನೆ?" ತಾಯಿ ಜಿನಮ್ಮ ಕೇಳಿದರು.

"ಶುದ್ಧ ಅಹಿಂಸೆ, ಅಮ್ಮ."

"ತಿಂದದ್ದು ಗೊತ್ತಾದ್ರೆ ಆವತ್ತೇ ತೊಟ್ಟಿ ಮನೆಯಿಂದಾಚೆಗೆ."

ಕೆರೆನೀರಿನಲ್ಲಿರುವ ಕಂಡೂ ಕಾಣದಂಥ ಹುಳುಗಳೇ ಮೀನಿನ ಊಟವೆಂಬ ಸಂಗತಿಯನ್ನು ಮೇಷ್ಟ್ರು ಗುಟುಕ್ಕನೆ ನುಂಗಿಕೊಂಡರು.

ಆದರೆ ತೊಟ್ಟಿಗೆ ಬಿಟ್ಟ ಮೀನುಗಳು ದಿನೇ ದಿನೇ ಸೊರಗಿದವು. ಸಮತೋಲಕ್ಕೆ ಆಸರೆಯಾಗಲೆಂದು ಮೇಷ್ಟ್ರು ಬೆಳಿಗ್ಗೆ ಗುಟ್ಟಾಗಿ ಒಂದು ಚೊಂಬು ಕೆರೆನೀರು ಸುರಿದರೆ, ಸಂಜೆಗೆ ತೊಟ್ಟಿಯ ನೀರು ಕುಡಿಯುವ ನೀರಿನಂತೆ ಫಳಫಳ ಹೊಳೆಯುತ್ತಿತ್ತು. ಇದು ಯಾರದೋ ಕೈವಾಡ! ಅನುಮಾನ ನೆಟ್ಟಗೆ ಪಕ್ಕದ ಮನೆಯ ಪುಟ್ಟಸ್ವಾಮಿಗೌಡರ ಮೇಲೆ ಹೋಗಿ ಕೂತಿತು. ಮೀನಿನ ಸಾರಿನ ಮನುಷ್ಯ. ಹುಳು ತೆಗೆದು ಮೀನು ಸಾಯಿಸಿ, ಆಮೇಲೆ ಬಂದು ಸತ್ತ ಮೀನು ಕೇಳಿ ಒಯ್ಯುವ ಹೊಂಚಿರಬೇಕು.

"ಗೌಡ್ರೇ, ನಮ್ಮ ಮೀನು ನೋಡಿದ್ರೆ ನಿಮ್ಮ ಬಾಯಲ್ಲಿ ನೀರೂರುತ್ತೆ, ಅಲ್ವಾ?" ಮೇಷ್ಟ್ರು ಬೇಲಿಯ ಹತ್ತಿರ ನಿಂತು ಗದರಿದರು.

"ಅವಾ ಸಾ? ಬರೀ ಮುಳ್ಳು ಕಣ್ ಸಾ. ಹಲ್ಲಿನ್ ಸಂದಿಗೂ ಸಾಲಾಕಿಲ್ಲ," ಎಂದು ಗೌಡರು ನಕ್ಕರು.

ಆ ನಗುವೇ ಮೇಷ್ಟ್ರಿಗೆ ಸಾಕ್ಷಿಯಾಯಿತು. ಮರುದಿನ ಕೊಡೆ ಹಿಡಿದು ಶಾಲೆಗೆ ಹೊರಟವರು ಬೀದಿ ತಿರುಗಿ, ಹಿತ್ತಲಿಂದ ನುಸುಳಿ, ಬಾಗಿಲ ಮರೆಯಲ್ಲಿ ಅವಿತು ನಿಂತರು. ಗೌಡರು ಬರಲಿಲ್ಲ. ಹೆಂಡತಿ ಚಕ್ರೇಶ್ವರಿ ಬಂದರು. ಬಿಂದಿಗೆಯ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ, ತೊಟ್ಟಿಯ ನೀರನ್ನು ಮೊಗೆಮೊಗೆದು ಸೋಸತೊಡಗಿದರು.

"ಏನೇ ಇದು!"

"ಸೋಸದ ನೀರನ್ನ ಈ ಮನೇಲಿ ಯಾರಿಗಾದ್ರೂ ಕೊಟ್ಟಿದ್ದೀನಾ? ಮೀನೇನು ಹೊರಗಿನವಾ?" ಚಕ್ರೇಶ್ವರಿ ಕೈ ನಿಲ್ಲಿಸಲಿಲ್ಲ. "ದಿನಾ ಅದೆಲ್ಲಿಂದ ಬರ್ತವೋ ಇಷ್ಟೊಂದು ಹುಳ. ಪಾಪ, ಬಟ್ಟೆ ಜಾಲಾಡಿ ಒಂದೂ ಸಾಯದ ಹಾಗೆ ಬಾವಿಗೆ ಬಿಡ್ತಿದ್ದೀನಿ."

"ಅಯ್ಯೋ, ಅವೇ ಕಣೇ ಮೀನಿನ ಊಟ! ಅದಕ್ಕೇ ನಾನು ದಿನಾ ತಂದು ಸುರೀತಿರೋದು!"

ಮಾತು ಬಾಯಿಂದ ಜಾರಿದ ಮೇಲೆಯೇ ಬಾಗಿಲಲ್ಲಿ ನಿಂತಿದ್ದ ಜಿನಮ್ಮ ಮೇಷ್ಟ್ರ ಕಣ್ಣಿಗೆ ಬಿದ್ದದ್ದು. ಅವರು ತೊಟ್ಟಿಯ ಕಡೆಗೊಮ್ಮೆ, ಬೀದಿಯ ಕಡೆಗೊಮ್ಮೆ ಕೈ ತೋರಿಸಿ, "ನಿನಗೆ ಇವತ್ತು ಉಪವಾಸ," ಎಂದರು.

ಮೀನುಗಳನ್ನು ಬಕೆಟ್ಟಿಗೆ ತುಂಬಿಕೊಂಡು ಮೇಷ್ಟ್ರು ಕೆರೆಯ ದಾರಿ ಹಿಡಿದರು. ಗಲಾಟೆಯೆಲ್ಲ ಕೇಳಿಸಿಕೊಂಡಿದ್ದ ಗೌಡರು ಬೇಲಿಯ ಹತ್ತಿರವೇ ಕಾದು ನಿಂತಿದ್ದರು.

"ನಮ್ಮೇಲೆ ಅನುಮಾನ ಪಟ್ರಲ್ಲ ಮೇಷ್ಟ್ರೇ," ಎಂದರು. "ನಾವು ತಿಂತೀವಿ, ದಿಟ. ಆದ್ರೆ ಅವ್ವಂಗೆ ಹೇಳ್ಬುಟ್ಟೇ ತಿಂತೀವಿ."